ನಾಲ್ಕು ಮೂಟೆಯ ಗೆರೆ

ಸೂಜಿಯಕ್ಕನ ಅಂಗಡಿಗೆ ಮೊದಲ ಸಲ ಬಂದವರು ಹೊಲಿಗೆ ಯಂತ್ರಕ್ಕಾಗಿ ಕಣ್ಣಾಡಿಸುತ್ತಿದ್ದರು. ಎದುರಿಗೆ ಕಾಣುತ್ತಿದ್ದುದು ನೇಣುಗಂಬದಂಥ ಒಂದು ಚೌಕಟ್ಟು. ನೆಲಕ್ಕೆ ಬಿಗಿದ ಕಬ್ಬಿಣದ ಪೀಠ, ಅದರ ಹಿಂದೆ ಎರಡು ಕಂಬ, ನಡುವೆ ರಾಟೆ, ರಾಟೆಯಿಂದ ಇಳಿಬಿದ್ದ ಹಗ್ಗ, ಹಗ್ಗದ ತುದಿಗೊಂದು ಕೊಕ್ಕೆ. ಪಕ್ಕದಲ್ಲಿ ಮರಳು ತುಂಬಿದ ನಾಲ್ಕು ಮೂಟೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಓರೆ ಗೆರೆ.

"ಇದೇನು?" ಎಂದು ಕೇಳಿದವರಿಗೆ ಉತ್ತರ ಕೊಡುವ ಕೆಲಸ ಅವಳ ಅಣ್ಣನದು. ಮೂಲೆಯ ಸ್ಟೂಲಿನ ಮೇಲೆ ಕುಳಿತು ಬಟ್ಟೆ ಕತ್ತರಿಸುತ್ತಿದ್ದ ಅವನು ಕತ್ತನ್ನು ಹೊರಳಿಸಲಾರ. ಯಾರಾದರೂ ಮಾತನಾಡಿಸಿದರೆ ಸ್ಟೂಲಿನ ಸಮೇತ ಇಡೀ ಮೈಯನ್ನೇ ಅತ್ತ ತಿರುಗಿಸುತ್ತಿದ್ದ. ಅರಿಯದವರು ಇದನ್ನು ಗತ್ತೆಂದು ತಿಳಿಯುತ್ತಿದ್ದರು.

"ಇಲ್ಲಿ ಸೀಟುಗಳ ವಿಚಾರಣೆ ನಡೆಯುತ್ತೆ. ಸುಳ್ಳು ಹೇಳಿದ್ರೆ ಗಲ್ಲು" ಎನ್ನುತ್ತಿದ್ದ.

ಆ ಚೌಕಟ್ಟು ಅಲ್ಲಿಗೆ ಬಂದ ಬಗೆಯನ್ನು ಹೇಳಬೇಕಾದರೆ ಸೂಜಿಯಕ್ಕನ ಮಾವನಿಂದ ಆರಂಭಿಸಬೇಕು. ಕಾರಿನ ಸೀಟಿಗೆ ಹೊದಿಕೆ ಹೊಲಿಯುವುದು ಅವನ ಕಸುಬು. ಮಗನಿಗೆ ಸೂಜಿ ಕಂಡರಾಗದು. ಅವನು ಬಸ್ಸಿನ ಕಂಡಕ್ಟರನಾಗಿ ತನ್ನ ದಾರಿ ಹಿಡಿದ. ಮಗ ಕಲಿಯದ್ದನ್ನು ಸೊಸೆ ಕಲಿತಳು. ಮೊದಲು ಹೊಲಿಗೆ, ಆಮೇಲೆ ಸ್ಪಂಜು, ಕೊನೆಗೆ ಒಳಗಿನ ಕಬ್ಬಿಣದ ಚೌಕಟ್ಟು. ಮಾವ ಅವಳಿಗೆ ಹೇಳಿಕೊಟ್ಟ ಸೂತ್ರ ಒಂದೇ: "ಗಿರಾಕಿ ನೋಡೋದು ಹೊದಿಕೆ, ಕೇಳೋದು ಸದ್ದು. ಇವೆರಡು ಸರಿ ಮಾಡಿದ್ರೆ ಮೂರನೇದನ್ನ ಯಾರೂ ವಿಚಾರಿಸಲ್ಲ ಕಣಮ್ಮ."

ಆ ಸೂತ್ರವನ್ನು ಅವಳು ಹದಿನೈದು ವರ್ಷ ಚಾಚೂ ತಪ್ಪದೆ ಪಾಲಿಸಿದಳು. ಸೀಟಿನ ಒರಗು, ಅಂದರೆ ಬೆನ್ನು ಆನಿಸುವ ಭಾಗ, ಬುಡಕ್ಕೆ ಕೂಡುವಲ್ಲಿ, ಅದನ್ನು ಹಿಂದೆ ಮುಂದೆ ಬಾಗಿಸಲು, ಹಲ್ಲುಗಳಿರುವ ಒಂದು ಉಕ್ಕಿನ ಪಟ್ಟಿ ಇರುತ್ತದೆ. ಒರಗಿನ ಭಾರವೆಲ್ಲ ಆ ಅಂಗೈಯಗಲದ ಪಟ್ಟಿಯ ಮೇಲೆ. ಅದು ಸವೆದರೆ ಕಿರುಗುಟ್ಟುತ್ತದೆ. ಬಾಗಿದರೆ ಕಾಸಿ ಬಡಿದು ನೇರ ಮಾಡುವುದು, ಕಿರುಗುಟ್ಟಿದರೆ ಸಂದಿಗೆ ಉಣ್ಣೆಯ ದಪ್ಪ ಬಟ್ಟೆ ತುರುಕುವುದು ಆ ಬೀದಿಯ ರೂಢಿ. ಸೂಜಿಯಕ್ಕ ತುರುಕಿದ ಬಟ್ಟೆ ಹೊರಗೆ ಇಣುಕುತ್ತಿರಲಿಲ್ಲ. ಸದ್ದಡಗಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ ಎಂಬ ಹೆಸರಿತ್ತು.

ಅಣ್ಣ ಆಗ ಟ್ಯಾಕ್ಸಿ ಓಡಿಸುತ್ತಿದ್ದ. ಒಂದು ಬೆಳಗ್ಗೆ ಬಂದು, "ಸೀಟು ಹತ್ತು ದಿನದಿಂದ ನನ್ನ ಹೆಂಡತಿಗಿಂತ ಜಾಸ್ತಿ ಗೊಣಗ್ತಾ ಇದೆ, ಬಾಯಿ ಮುಚ್ಚಿಸು" ಎಂದ. ಅವಳು ಪಟ್ಟಿಯನ್ನು ಕಾಸಿ ಬಡಿದಳು, ಬಟ್ಟೆ ತುರುಕಿದಳು, ಮೇಲೆ ಕಂದು ಬಣ್ಣದ ಹೊಸ ಹೊದಿಕೆ ಹೊಲಿದಳು. ಸೀಟು ತೆಪ್ಪಗಾಯಿತು.

ಒಂಬತ್ತನೆಯ ದಿನ ಸಿಗ್ನಲ್‌ನಲ್ಲಿ ನಿಂತಿದ್ದ ಅವನ ಕಾರಿಗೆ ಹಿಂದಿನಿಂದ ಹಾಲಿನ ವ್ಯಾನೊಂದು ಗುದ್ದಿತು. ಭಾರಿ ವೇಗವೇನಲ್ಲ. ಕಾರು ಮುಂದಕ್ಕೆ ಜಿಗಿದಾಗ ಕುಳಿತವನ ಮೈಯೆಲ್ಲ ಒರಗಿನ ಮೇಲೆ ಬೀಳುತ್ತದೆ. ಒರಗು ತಡೆದರೆ ಬೆನ್ನು ಉಳಿಯಿತು. ಕಾಸಿದ ಉಕ್ಕಿಗೆ ಹಳೆಯ ಗಟ್ಟಿತನ ಇರುವುದಿಲ್ಲ. ಪಟ್ಟಿ ಮಡಚಿಕೊಂಡಿತು, ಒರಗು ಹಾಸಿಗೆಯಂತೆ ಮಲಗಿತು. ಅಣ್ಣ ಬೆಲ್ಟಿನಡಿಯಿಂದ ಹಿಂದಕ್ಕೆ ಜಾರಿದ, ಅವನ ತಲೆ ಹಿಂದಿನ ಸೀಟಿಗೆ ಅಪ್ಪಳಿಸಿತು. ಎರಡು ಬೀದಿಯ ಹಿಂದಷ್ಟೇ ಆ ಸೀಟಿನಿಂದ ಒಬ್ಬ ಹೆಂಗಸು ತೊಡೆಯ ಮೇಲಿದ್ದ ಕೂಸಿನೊಂದಿಗೆ ಇಳಿದು ಹೋಗಿದ್ದಳು.

ಕಾರನ್ನು ಎಳೆದು ತಂದ ಮೆಕ್ಯಾನಿಕ್ ಸೀಟನ್ನು ಸವರಿ, "ಎಂಥಾ ಕೈ ನಿಂದು ಅಕ್ಕ. ಒಂದು ಹೊಲಿಗೆಯೂ ಬಿಟ್ಟಿಲ್ಲ ನೋಡು" ಎಂದನಂತೆ. ಅವನು ಹೊಗಳಿಕೆಯಾಗಿಯೇ ಆಡಿದ ಮಾತು. ಅದಕ್ಕಿಂತ ದೊಡ್ಡ ಬೈಗುಳವನ್ನು ತಾನು ಜೀವಮಾನದಲ್ಲಿ ಕೇಳಿಲ್ಲ ಎಂಬುದು ಸೂಜಿಯಕ್ಕನ ಅಭಿಪ್ರಾಯ.

ಅಣ್ಣ ಆಸ್ಪತ್ರೆಯಿಂದ ಬರುವ ಹೊತ್ತಿಗೆ ಚೌಕಟ್ಟು ಸಿದ್ಧವಾಗಿತ್ತು. ಲೇತ್ ಕೆಲಸದವನೊಬ್ಬನನ್ನು ಜೊತೆಗಿಟ್ಟುಕೊಂಡು ಅವಳು ಹೊಸದೊಂದು ಸೀಟನ್ನು ಪೀಠಕ್ಕೆ ಬಿಗಿದು, ಒರಗಿನ ನೆತ್ತಿಗೆ ಹಗ್ಗ ಕಟ್ಟಿ, ಒಂದೊಂದೇ ಮೂಟೆ ತೂಗುಹಾಕಿದಳು. ಗಟ್ಟಿ ಸೀಟು ನಾಲ್ಕು ಮೂಟೆಗೂ ಗೇಣಿಗಿಂತ ಹೆಚ್ಚು ಬಾಗಲಿಲ್ಲ. ಬಾಗಿದಲ್ಲಿಗೆ ಗೆರೆ ಎಳೆದಳು. ಅಂದಿನಿಂದ ಆ ಗೆರೆ ದಾಟಿದ ಸೀಟು ಅಂಗಡಿಯಿಂದ ಹೊರಗೆ ಹೋಗಲಿಲ್ಲ. ಕೆಟ್ಟ ಪಟ್ಟಿಯನ್ನು ಅವಳು ಗರಗಸದಲ್ಲಿ ಎರಡಾಗಿ ಕುಯ್ದೇ ಬಿಸಾಡುತ್ತಿದ್ದಳು. ಇಡಿಯಾಗಿ ಬಿಟ್ಟರೆ ಇನ್ನೊಬ್ಬನು ಕಾಸಿ ಬಡಿಯುತ್ತಾನೆ. "ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕ್ತಾ ಇದ್ದೀಯ" ಎಂದು ಅಣ್ಣ ಛೇಡಿಸಿದಾಗ, "ಹಾಕ್ತೀನಿ. ಅಗುಳಿನೂ ಹಾಕ್ತೀನಿ" ಎಂದಿದ್ದಳು.

ಹೀಗೆ ಹನ್ನೊಂದು ವರ್ಷ ಕಳೆದವು. ಅಷ್ಟರಲ್ಲಿ ಅಂಗಡಿಯ ಕಟ್ಟಡ ಕೈಬದಲಾಗಿ, ಹದಿನೆಂಟು ಟ್ಯಾಕ್ಸಿಗಳ ಯಜಮಾನನೊಬ್ಬನ ಪಾಲಾಗಿತ್ತು. ಒಂದು ಸೋಮವಾರ ಅವನೇ ಬಂದ. ಜೊತೆಯಲ್ಲಿ ಅವನ ಡ್ರೈವರ್ ಒಂದು ಸೀಟನ್ನು ಹೊತ್ತು ತಂದಿದ್ದ. ಈ ಡ್ರೈವರನಿಗೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮೌನಿ ಎಂದು ಹೆಸರು. ನಿದ್ದೆಯಲ್ಲಿಯೂ ಬಾಯಿ ಮುಚ್ಚದವನಾದ್ದರಿಂದ ಆ ಹೆಸರು.

"ನೋಡಮ್ಮ, ಹದಿನೆಂಟೂ ಗಾಡಿ ಕಿರ್ ಅಂತಾವೆ. ಜನ ದೂರ್ತಾ ಇದ್ದಾರೆ. ಮುಂದಿನ ವಾರ ತಪಾಸಣೆ ಬೇರೆ. ಶನಿವಾರದೊಳಗೆ ಎಲ್ಲಾ ಬಾಯಿ ಮುಚ್ಚಬೇಕು" ಎಂದ ಯಜಮಾನ.

ಸೂಜಿಯಕ್ಕ ಹೊದಿಕೆ ಬಿಚ್ಚಿದಳು. ಪಟ್ಟಿಯ ಹಲ್ಲುಗಳು ಸವೆದಿದ್ದವು, ಬೋಲ್ಟಿನ ತೂತಿನಿಂದ ಕೂದಲೆಳೆಯಷ್ಟು ಬಿರುಕು ಹೊರಟಿತ್ತು. ಅವಳು ಸೀಟನ್ನು ಪೀಠಕ್ಕೆ ಬಿಗಿದಳು. ಮೊದಲನೆಯ ಮೂಟೆಗೆ ಒರಗು ಗೆರೆಯ ಹತ್ತಿರ ಬಂತು. ಎರಡನೆಯದಕ್ಕೆ ಟಣ್ಣೆಂದು ಹಿಂದಕ್ಕೆ ಬಿತ್ತು. ಮೂಟೆಗಳು ನೆಲಕ್ಕೆ ಕುಕ್ಕರಿಸಿದವು.

"ಇಷ್ಟು ದಿನ ನಾನು ಕೂತಿದ್ದು ಇದರ ಮೇಲಾ" ಎಂದ ಮೌನಿ. ಬಿದ್ದ ಒರಗನ್ನು ಎತ್ತಿ ನಿಲ್ಲಿಸಿ ಕೈಬಿಟ್ಟ, ಅದು ಮತ್ತೆ ಬಿತ್ತು.

"ಹದಿನೆಂಟಕ್ಕೂ ಹೊಸ ಪಟ್ಟಿ ಬೇಕು ಯಜಮಾನ್ರೇ. ತರಿಸಿ, ಹಾಕಿಕೊಡ್ತೀನಿ."

"ನಾನು ಪಟ್ಟಿ ಕೇಳಲಿಲ್ಲ. ಸದ್ದು ನಿಲ್ಲಿಸು ಅಂದೆ. ತಪಾಸಣೆಯವರು ಸೀಟು ಅಲ್ಲಾಡಿಸಿ ನೋಡ್ತಾರೆ, ಮೂಟೆ ಕಟ್ಟಿ ನೋಡಲ್ಲ. ನಿನ್ನ ಗೆರೆ ಯಾವ ಕಾನೂನಲ್ಲಿದೆ?"

"ಯಾವುದರಲ್ಲೂ ಇಲ್ಲ. ಗೋಡೆ ಮೇಲಿದೆ."

"ಗಾಡಿ ಓಡೋದು ಮುಂದಕ್ಕೆ ಕಣಮ್ಮ. ಹಿಂದಿನಿಂದ ಬಂದು ಗುದ್ದಿದ್ರೆ ತಪ್ಪು ಗುದ್ದಿದವನದು."

ಮೂಲೆಯ ಸ್ಟೂಲು ಕರ್ರೆಂದಿತು. ಅಣ್ಣ ನಿಧಾನವಾಗಿ ಇಡೀ ಮೈಯನ್ನು ಯಜಮಾನನ ಕಡೆ ತಿರುಗಿಸಿ, "ಹೌದು ಸ್ವಾಮಿ, ತಪ್ಪು ಹಾಲಿನವನದೇ ಅಂತ ತೀರ್ಮಾನ ಆಯ್ತು. ಕತ್ತು ಮಾತ್ರ ನನ್ನದೇ ಹೋಯ್ತು" ಎಂದ.

ಅಷ್ಟರಲ್ಲಿ ಸೂಜಿಯಕ್ಕ ಆ ಪಟ್ಟಿಯನ್ನು ಬಿಚ್ಚಿ, ಮೇಜಿನ ಕಬ್ಬಿಣದ ವೈಸಿಗೆ ಬಿಗಿದು, ಗರಗಸ ಆಡಿಸತೊಡಗಿದ್ದಳು. "ಅದು ನನ್ನ ಮಾಲು" ಎಂದ ಅವನು. ಅವಳು ಕೈ ನಿಲ್ಲಿಸಲಿಲ್ಲ. ತುಂಡಾದ ಮೇಲೆ ಎರಡನ್ನೂ ಅವನ ಅಂಗೈಗಿಟ್ಟು, "ನಿಮ್ಮ ಮಾಲು ನಿಮಗೇ. ಎಣಿಸಿಕೊಳ್ಳಿ, ಒಂದಿತ್ತು, ಎರಡಾಗಿದೆ" ಎಂದಳು.

"ಹಾಗಾದ್ರೆ ಶನಿವಾರ ಅಂಗಡಿ ಖಾಲಿ ಮಾಡು" ಎಂದು ಹೇಳಿ ಅವನು ಹೊರಟ.

ಆ ಮಧ್ಯಾಹ್ನ ಅಣ್ಣ ಕತ್ತರಿಯನ್ನು ಕೆಳಗಿಟ್ಟ.

"ಒಂದು ಮಾತು ಹೇಳ್ತೀನಿ, ಸಿಟ್ಟಾಗಬೇಡ. ನನ್ನ ಕತ್ತಿಗೆ ಇನ್ನೆಷ್ಟು ವರ್ಷ ದಂಡ ಕಟ್ತೀಯ? ನಾನೇ ಮರೆತಿದ್ದೀನಿ. ಮೂವತ್ತು ವರ್ಷದ ಅಂಗಡಿ ಕಣೆ ಇದು. ಬಟ್ಟೆ ತುರುಕಿ ಕಳಿಸು. ನೀನು ಬಿಟ್ಟರೆ ಎದುರಿನ ಅಂಗಡಿಯವನು ತುರುಕ್ತಾನೆ."

"ತುರುಕಲಿ."

"ಆಗಲೂ ಸೀಟು ಮುರಿಯುತ್ತೆ. ಅಂಗಡಿನೂ ಹೋಗಿರುತ್ತೆ."

"ಮುರಿಯುತ್ತೆ. ಆದರೆ ನನ್ನ ಹೊಲಿಗೆಯ ಕೆಳಗೆ ಮುರಿಯಲ್ಲ" ಎಂದಳು ಅವಳು. ಗರಗಸವನ್ನು ಗೂಟಕ್ಕೆ ಸಿಕ್ಕಿಸಿ, "ನಿನ್ನ ಕತ್ತಿಗೆ ಅಂದ್ಕೊಂಡಿದ್ದೀಯ ಇದೆಲ್ಲ? ನೀನು ಬದುಕಿದ್ದೀಯ, ಎದುರಿಗೇ ಕೂತು ನನ್ನ ತಲೆ ತಿಂತೀಯ. ಆವತ್ತು ಕೂಸು ಎತ್ತಿಕೊಂಡು ಇಳಿದು ಹೋದಳಲ್ಲ, ಅವಳ ಮುಖಾನೂ ನಾನು ನೋಡಿಲ್ಲ. ಎರಡು ಬೀದಿ ಆಮೇಲೆ ಇಳಿದಿದ್ರೆ?" ಎಂದಳು.

ಅಣ್ಣ ಮತ್ತೆ ಕತ್ತರಿ ಹಿಡಿದ. ಅವನು ಆ ವಿಷಯವನ್ನು ಮುಂದೆಂದೂ ಎತ್ತಲಿಲ್ಲ.

ಶನಿವಾರ ಅವರು ಅಂಗಡಿ ಖಾಲಿ ಮಾಡಿದರು. ಸ್ಟ್ಯಾಂಡಿನ ಹಿಂದೆ, ಟೈರು ತುಂಬಿಡುತ್ತಿದ್ದ ತಗಡಿನ ಶೆಡ್ಡೊಂದು ಸಿಕ್ಕಿತು. ಒಂದೇ ಕಿಟಕಿ, ಬೆಳಕು ಸಾಲದು. ಕಂಡಕ್ಟರ್ ಗಂಡ ರಜೆ ಹಾಕಿ ಬಂದು, ಮೂಟೆ ಹೊರುತ್ತಾ, "ಸೂಜಿ ಬೇಡ ಅಂತ ಓಡಿಹೋದೆ. ಕೊನೆಗೆ ಮರಳು ಹೊರಿಸಿದಳು" ಎಂದು ಕಂಡವರಿಗೆಲ್ಲ ಹೇಳಿದ. ಹೊಲಿಗೆ ಯಂತ್ರ ಇನ್ನೂ ಗಾಡಿಯಲ್ಲಿಯೇ ಇರುವಾಗ ಸೂಜಿಯಕ್ಕ ಪೀಠವನ್ನು ನೆಲಕ್ಕೆ ಬಿಗಿಸಿ, ಗಟ್ಟಿ ಸೀಟೊಂದನ್ನು ಕೂರಿಸಿ, ನಾಲ್ಕು ಮೂಟೆ ಕಟ್ಟಿ, ತಗಡಿನ ಮೇಲೆ ಗೆರೆ ಎಳೆದಳು.

ಅಣ್ಣ ಹೇಳಿದಂತೆಯೇ ಆಯಿತು. ಎದುರಿನ ಅಂಗಡಿಯವನು ತುಂಡಾದ ಪಟ್ಟಿಯ ಬದಲು ಇನ್ನೊಂದು ಹಳೆಯ ಪಟ್ಟಿಯನ್ನು ಕಾಸಿ ಬಡಿದು ಹಾಕಿ, ಹದಿನೆಂಟು ಸೀಟಿಗೂ ಬಟ್ಟೆ ತುರುಕಿದ. ತಪಾಸಣೆಯವರು ಸೀಟು ಅಲ್ಲಾಡಿಸಿ ನೋಡಿ ಮುದ್ರೆ ಒತ್ತಿದರು. ಯಜಮಾನ ನಿರಾಳನಾದ.

ಆದರೆ ಎರಡು ಮೂಟೆಗೆ ಬಿದ್ದ ಸೀಟನ್ನು ಮೌನಿ ಕಣ್ಣಾರೆ ನೋಡಿದ್ದ. ಅವನು ನೋಡಿದ್ದನ್ನು ಸ್ಟ್ಯಾಂಡು ಕೇಳದೆ ಇರುವುದು ಹೇಗೆ? ಮುದ್ರೆ ಬಿದ್ದ ನಾಲ್ಕನೆಯ ದಿನ ಅವನು ಸ್ಕ್ರೂಡ್ರೈವರ್ ಹಿಡಿದು, ತನ್ನ ಸೀಟಿನ ಸಂದಿಯಿಂದ ಬಟ್ಟೆಯನ್ನು ಕಿತ್ತೆಸೆದ. ಸೀಟು ಕಿರುಗುಟ್ಟಿತು. ಮರುದಿನ ಇನ್ನೂ ಇಬ್ಬರು ಕಿತ್ತರು. ಹದಿನೈದು ದಿನಕ್ಕೆ ಹನ್ನೊಂದು ಟ್ಯಾಕ್ಸಿಗಳು ಸ್ಟ್ಯಾಂಡಿನಲ್ಲಿ ಕಪ್ಪೆಗಳ ಹಾಗೆ ಒದರತೊಡಗಿದವು. ಉಳಿದ ಏಳು ಮಂದಿ ಕೀಳಲಿಲ್ಲ. ಅವರಿಗೆ ಯಜಮಾನನ ಭಯ ಹೆಚ್ಚು, ಅದನ್ನು ತಪ್ಪೆನ್ನಲು ಸೂಜಿಯಕ್ಕನೂ ಒಪ್ಪಲಿಲ್ಲ.

ಹತ್ತಿದವರು ಕೇಳುತ್ತಿದ್ದರು, "ಏನಪ್ಪ ಇದು ಸದ್ದು?"

"ಪಟ್ಟಿ ಸವೆದಿದೆ ಸ್ವಾಮಿ. ಹಿಂದಿನಿಂದ ಯಾರಾದ್ರೂ ಗುದ್ದಿದ್ರೆ ನಾನು ನಿಮ್ಮ ತೊಡೆ ಮೇಲಿರ್ತೀನಿ. ಸ್ವಲ್ಪ ಪಕ್ಕಕ್ಕೆ ಕೂತ್ಕೊಳ್ಳಿ" ಎನ್ನುತ್ತಿದ್ದ ಮೌನಿ. ಕೆಲವರು ಪಕ್ಕಕ್ಕೆ ಸರಿದರು. ಬಹಳ ಮಂದಿ ಇಳಿದು ಬೇರೆ ಟ್ಯಾಕ್ಸಿ ಹಿಡಿದರು. ಯಜಮಾನ ಮೌನಿಯನ್ನು ಕೆಲಸದಿಂದ ತೆಗೆದ. ಮಿಕ್ಕ ಹತ್ತು ಮಂದಿ ಕೀಲಿಗಳನ್ನು ಯಜಮಾನನ ಮೇಜಿನ ಮೇಲಿಟ್ಟು, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀಬೇಡಿ. ಕೆಟ್ಟಿರೋದು ಪಟ್ಟಿ, ಅವನಲ್ಲ" ಎಂದರು. ಸಂಜೆಯ ಹೊತ್ತಿಗೆ ಕೀಲಿಗಳೂ ಮೌನಿಯೂ ಮರಳಿದ್ದಾಯಿತು.

ಏಳನೆಯ ವಾರ ಯಜಮಾನ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಕಾಲ ಬಳಿ ಹೊಸ ಪಟ್ಟಿಗಳ ಪೆಟ್ಟಿಗೆ. ಒಳಗಿನ ಮಬ್ಬು ಬೆಳಕು, ತಗಡಿನ ಮೇಲಿನ ಗೆರೆ, ಎಲ್ಲವನ್ನೂ ನೋಡಿ, "ಹಳೇ ಅಂಗಡಿ ಖಾಲಿ ಬಿದ್ದಿದೆ. ವಾಪಸ್ ಬಂದುಬಿಡಮ್ಮ, ಅಲ್ಲೇ ಕೂತು ಮಾಡು" ಎಂದ.

ಸೂಜಿಯಕ್ಕ ಪೆಟ್ಟಿಗೆಯಿಂದ ಒಂದು ಪಟ್ಟಿಯನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಹಲ್ಲುಗಳ ಮೇಲೆ ಹೆಬ್ಬೆರಳಾಡಿಸಿದಳು.

"ಪಟ್ಟಿ ಇಟ್ಟು ಹೋಗಿ. ಹದಿನೆಂಟೂ ಸೀಟು ಇಲ್ಲಿಗೆ ಬರಲಿ, ಒಂದೊಂದಕ್ಕೂ ನಾಲ್ಕು ಮೂಟೆ. ಅಂಗಡಿ ಇಲ್ಲೇ ಇರುತ್ತೆ."

ಯಜಮಾನ ಹೊರಡಲು ತಿರುಗಿದವನು ನಿಂತ. "ಇನ್ನಾದ್ರೂ ಸದ್ದು ಬರಲ್ಲ ತಾನೇ?"

"ಬಂದ್ರೆ ಕೇಳಿಸ್ಕೊಳ್ಳಿ" ಎಂದಳು ಅವಳು.