ಡ್ರೈವರ್ ಚಾಚಾ ಆರಿಸಿದ ಹಳೇ ಕಾರ್ಡು

ಹೋದ ವಾರ ಸಿರುಗುಪ್ಪದಲ್ಲಿ ಎದುರುಮನೆಯ ಚಾಚಿ ಕರೆದು, ಕಂಪ್ಯೂಟರ್ ಮಾರಬೇಕಾಗಿದೆ, ಒಮ್ಮೆ ನೋಡಿಕೊಡು ಎಂದರು. ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದೆ. ಬೀಡಿ ಹೊಗೆ ಕುಡಿದ ಧೂಳು, ಅದರೊಳಗೆ ಅಕ್ಕಿ ಗಿರಣಿಯ ತೌಡಿನ ವಾಸನೆ... ನಮ್ಮ ಓಣಿಯಲ್ಲಿ ಇವೆರಡೂ ಒಟ್ಟಿಗೆ ಬರುತ್ತಿದ್ದದ್ದು ಒಬ್ಬರ ಅಂಗಿಯಿಂದ ಮಾತ್ರ. ವಾಸನೆಯೊಂದು ಸತ್ತವರನ್ನು ಎದುರಿಗೆ ತಂದು ನಿಲ್ಲಿಸುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಆಧಾರ ಕೇಳುವವಳು. ಆದರೂ ಸ್ಕ್ರೂಡ್ರೈವರ್ ಕೆಳಗಿಟ್ಟು ಬಾಗಿಲ ಕಡೆ ತಿರುಗಿ ನೋಡಿದೆ.

ಚಾಚಿಯ ಗಂಡನನ್ನು ಎಲ್ಲರೂ ಡ್ರೈವರ್ ಚಾಚಾ ಎನ್ನುತ್ತಿದ್ದರು. ಮೊದಲು ಬಳ್ಳಾರಿ ಕಡೆ ಅದಿರಿನ ಲಾರಿ, ಆಮೇಲೆ ನಮ್ಮೂರ ಗಿರಣಿಯ ಅಕ್ಕಿ ಲಾರಿ ಓಡಿಸಿದವರು. ಶುಗರ್ ಕಣ್ಣಿಗೆ ಇಳಿದ ಮೇಲೆ, ಲೈಸೆನ್ಸ್ ರಿನೀವಲ್‌ಗೆ ಬೇಕಾದ ಸರ್ಟಿಫಿಕೇಟಿಗೆ ಡಾಕ್ಟರು ಸಹಿ ಹಾಕಲಿಲ್ಲ. ಡಾಕ್ಟರಿಗೆ ಅವತ್ತು ಅವಸರವಿತ್ತು, ಸರಿಯಾಗಿ ನೋಡಲಿಲ್ಲ ಎಂಬುದು ಚಾಚಾ ಅವರ ವಾದ. ಮತ್ತೊಮ್ಮೆ ಹೋಗಿ ತೋರಿಸಿ ಲಾರಿ ಹತ್ತೇ ಹತ್ತುತ್ತೇನೆ, ಅಲ್ಲಿಯವರೆಗೆ ಕೈ ಮರೆಯಬಾರದು ಎಂದು, ಬಸ್‌ಸ್ಟ್ಯಾಂಡಿನ ಹತ್ತಿರ ಮುಚ್ಚುತ್ತಿದ್ದ ಸೈಬರ್ ಅಂಗಡಿಯಿಂದ ಒಂದು ಕಂಪ್ಯೂಟರ್ ತಂದು ಲಾರಿ ಓಡಿಸುವ ಆಟ ಹಾಕಿಸಿಕೊಂಡರು.

ನಾನಾಗ ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿಬಂದು ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದೆ. ಚರ್ಚಾಸ್ಪರ್ಧೆಗೆ ಹೋಗುತ್ತಿದ್ದೆ, ಉಳಿದ ಹೊತ್ತು ಕಂಪ್ಯೂಟರಿನಲ್ಲಿ ಆಟ ಆಡುತ್ತಿದ್ದೆ. ಈ ಎರಡು ಕೆಟ್ಟ ಚಟಗಳಿಂದಾಗಿ ಚಾಚಾ ನನ್ನನ್ನು ವಕೀಲಮ್ಮ ಎಂದು ಕರೆದು, ಆಟದ ತಕರಾರನ್ನೆಲ್ಲ ನನ್ನ ಮುಂದೆಯೇ ಇಡುತ್ತಿದ್ದರು.

"ಕನ್ನಡ್ಯಾಗ ಹಿಂದಿನ ಗಾಡಿ ಮಬ್ಬು ಮಬ್ಬು ಕಾಣತೈತಿ, ಏನರ ಮಾಡು."

ಆಗಿನ ಮಟ್ಟಿಗೆ ತಕರಾರು ನಿಜವೇ. ಪರದೆಯ ಚಿತ್ರ ಬಿಡಿಸುವುದಕ್ಕೆಂದೇ ಇರುವ ಗ್ರಾಫಿಕ್ಸ್ ಕಾರ್ಡು ಆ ಕಂಪ್ಯೂಟರಿಗೆ ಇರಲಿಲ್ಲ. ಆ ಆಟದಲ್ಲಿ ಹೆಚ್ಚು ಭಾರ ಬೀಳುವುದು ಲಾರಿಯ ಪಕ್ಕದ ಕನ್ನಡಿಗಳಿಂದ. ಮುಂದಿನ ರಸ್ತೆ ಬಿಡಿಸಿದ್ದು ಸಾಲದೆಂದು ಒಂದೊಂದು ಕನ್ನಡಿಗೂ ಹಿಂದಿನ ರಸ್ತೆಯನ್ನು ಬೇರೆಯಾಗಿ ಬಿಡಿಸಬೇಕು. ಆಟ ಸರಾಗ ಓಡಲಿ ಎಂದು ಕನ್ನಡಿಗಳನ್ನೇ ಆಫ್ ಮಾಡಿಬಿಡುವವರು ಬಹಳ ಜನ. ನಾನೂ ಅದನ್ನೇ ಮಾಡಿ ತೋರಿಸಿದೆ. ಕನ್ನಡಿ ಇಲ್ಲದ್ದು ಗಾಡಿಯೇ ಅಲ್ಲ, ಮೊದಲಿನ ಹಾಗೇ ಮಾಡು ಎಂದು ಬೈಸಿಕೊಂಡೆ.

ಹಾಗಾದರೆ ಕಾರ್ಡು ಬೇಕು, ಅದೂ ಸೆಕೆಂಡ್ ಹ್ಯಾಂಡ್. ಕುರುಗೋಡಿನಲ್ಲಿ ಮದುವೆ ವಿಡಿಯೊ ಮಾಡುವ ಸ್ಟುಡಿಯೊದವರೊಬ್ಬರು ಹೊಸ ಕಂಪ್ಯೂಟರ್ ಹಾಕಿಕೊಂಡು ಹಳೆಯದರ ಕಾರ್ಡು ತೆಗೆದಿಟ್ಟಿದ್ದರು. ಬಳ್ಳಾರಿಯ ಅಂಗಡಿಯೊಂದರಲ್ಲಿ ಅದಕ್ಕಿಂತ ಈಚಿನದು, ಮೆಮೊರಿ ಅದರ ಎರಡರಷ್ಟು ಇದ್ದದ್ದು ಸಿಗುತ್ತಿತ್ತು. ಯಾವುದೇ ಆಗಲಿ, ಕ್ರಿಪ್ಟೊ ಎಂಬ ಕಂಪ್ಯೂಟರ್ ನಾಣ್ಯದ ಲೆಕ್ಕಕ್ಕೆ ಹಗಲು ರಾತ್ರಿ ದುಡಿಸಿ, ತೊಳೆದು ಒರೆಸಿ ಮಾರಾಟಕ್ಕೆ ಬಿಡುವ ಕಾರ್ಡು ಮಾತ್ರ ಬೇಡ ಎಂದು ನಾನು. ಹಳೇ ಲಾರಿ ಕೊಳ್ಳುವಾಗ ಬಣ್ಣ ನೋಡಬಾರದು, ಲೋಡು ಹಾಕಿ ಏರು ಹತ್ತಿಸಿ ನೋಡಬೇಕು ಎಂದು ಅವರು. ಅಲ್ಲಿಯತನಕ ನಮ್ಮಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ.

ಸ್ಟುಡಿಯೊದವರು ಗುರುತಿನವರು, ನಾಲ್ಕು ದಿನ ಓಡಿಸಿ ನೋಡ್ರಿ ಎಂದು ಕಾರ್ಡು ಕೊಟ್ಟರು. ಹಾಕಿದೆ. ನನಗೆ ಕನ್ನಡಿ ಸಾಕಷ್ಟು ಸ್ಪಷ್ಟವಾಗಿಯೇ ಕಂಡಿತು. ಚಾಚಾ ಮಾತ್ರ ಇನ್ನೂ ಮಬ್ಬು ಎಂದರು. ಹಳೇ ಕಾರ್ಡಿನ ತಾಕತ್ತು ಇಷ್ಟೇ ಎಂದು ತೀರ್ಪು ಕೊಟ್ಟು ಅವರನ್ನು ಬಳ್ಳಾರಿಗೆ ಕರೆದುಕೊಂಡು ಹೊರಟೆ.

ಕಂಪ್ಯೂಟರಿನ ಪೆಟ್ಟಿಗೆಯನ್ನು ಚಾದರದಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಇದಕ್ಕೂ ಟಿಕೆಟ್ ಹರಿಯಲೇನು ಎಂದು ಕಂಡಕ್ಟರ್ ಕೇಳಿದ.

"ಹಾಫ್ ಹರಿಯಪಾ, ಇನ್ನಾ ಸಣ್ಣದೈತಿ."

ಅಂಗಡಿಯವನು ಈಚಿನ ಕಾರ್ಡು ಹಾಕಿ ತನ್ನ ದೊಡ್ಡ ಪರದೆಗೆ ಜೋಡಿಸಿದ. ಚಾಚಾ ಲಾರಿ ಹೊರಡಿಸಿದರು. ಕನ್ನಡಿಯಲ್ಲಿ ಹಿಂದಿನ ಬಸ್ಸಿನ ನಂಬರ್ ಪ್ಲೇಟು ಓದುವ ಹಾಗೆ ಕಾಣುತ್ತಿತ್ತು. ಗೆದ್ದೆ ಅಂದುಕೊಂಡು, ಹಿಂದೆ ಏನು ಬರುತ್ತಿದೆ ಹೇಳಿ ಎಂದೆ. ಅವರು ಮೂಗು ಪರದೆಗೆ ತಾಗುವಷ್ಟು ಬಗ್ಗಿದರು.

"ಏನೋ ಒಂದು ಗಾಡಿ..."

ಕನ್ನಡಿ ತುಂಬ ಕೆಂಪು ಬಸ್ಸಿತ್ತು. ಚಾಚಾ ತಿರುಗಿ ನನ್ನ ಮುಖ ನೋಡಿದರು. ಕೀಬೋರ್ಡಿನಿಂದ ಕೈ ತೆಗೆದು ಎದ್ದುನಿಂತು, ಇದು ಬೇಡ, ಕುರುಗೋಡಿನದೇ ಇರಲಿ ಎಂದರು. ನಮ್ಮ ಹಳೇ ಪರದೆಯ ವೈರು ಇದಕ್ಕೆ ಕೂಡುವುದಿಲ್ಲ ಎಂದರು. ನಡುವೆ ಒಂದು ಸಣ್ಣ ಪಿನ್ನು ಹಾಕಿದರೆ ಕೂಡುತ್ತದೆ ಎಂದೆ. ಇದು ಕರೆಂಟು ಹೆಚ್ಚು ತಿನ್ನುತ್ತದೆ ಎಂದರು. ಹಳೆಯದೇ ಹೆಚ್ಚು ತಿನ್ನುತ್ತದೆ ಎಂದೆ. ಗ್ಯಾರಂಟಿ ಇಲ್ಲ ಎಂದರು. ಅದಕ್ಕೂ ಇಲ್ಲವಲ್ಲ ಎಂದೆ. ಪೆಟ್ಟಿಗೆ ಎತ್ತಿಕೊಂಡು ಹೊರಗೆ ಬಂದು ಚಹಾದಂಗಡಿಯ ಬೆಂಚಿನ ಮೇಲೆ ಕೂತ ಮೇಲೂ ನಾನು ಬಿಡಲಿಲ್ಲ. ಕಪ್ಪು ಅರ್ಧ ಆದಮೇಲೆ ಚಾಚಾ ಹೇಳಿದರು:

"ನಿನ್ನ ಮಾತಿನಾಗ ತಪ್ಪಿಲ್ಲವ್ವ. ಆದ್ರ ಹಳೇದರಾಗ ಮಬ್ಬು ಕಂಡ್ರ ಕಾರ್ಡಿಗೆ ಬೈತೀನಿ. ಇದರಾಗ ಮಬ್ಬು ಕಂಡ್ರ ಯಾರಿಗೆ ಬೈಲಿ?"

ಎದುರಾಳಿಯ ವಾದ ಗಟ್ಟಿಯಿದ್ದಷ್ಟೂ ನನಗೆ ಉಮೇದು ಹೆಚ್ಚು. ಇಲ್ಲಿ ಎದುರಾಳಿಯೇ ಇರಲಿಲ್ಲ. ಚಾಚಾ ನನ್ನ ಪಕ್ಷವನ್ನು ಒಪ್ಪಿ ಮುಗಿಸಿದ್ದರು. ಒಪ್ಪಿದ ಮೇಲೆ ಮನೆಗೆ ಹೋಗಿ ಬದುಕುವುದು ಹೇಗೆ ಎಂಬುದಷ್ಟೇ ಅವರ ಪ್ರಶ್ನೆ. ನಾನು ಚಹಾ ಕುಡಿದೆ. ಬರುವಾಗ ಬಸ್ಸಿನಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು.

ಕುರುಗೋಡಿನ ಕಾರ್ಡೇ ಉಳಿಯಿತು. ಡಾಕ್ಟರ ಹತ್ತಿರ ಮತ್ತೊಮ್ಮೆ ಹೋಗುವ ಮಾತು ಅವರ ಬಾಯಲ್ಲಿ ಬರಲಿಲ್ಲ. ಆ ಸುಗ್ಗಿಯಲ್ಲಿ ಗಿರಣಿಯಿಂದ ಆಳು ಬಂದು, ಸಿರಿಗೇರಿಗೆ ಒಂದೇ ಒಂದು ಟ್ರಿಪ್ಪು, ದಾರಿಯಲ್ಲಿ ಯಾರೂ ತಡೆಯುವುದಿಲ್ಲ ಎಂದು ಕರೆದ. ಆಸೆಯಿಂದಲೇ ಎದ್ದವರು ಬಾಗಿಲತನಕ ಹೋಗಿ ನಿಂತರು. ಆಮೇಲೆ, ಕಾರ್ಡಿಂದೊಂದು ಸರಿಯಾಗಲಿ, ಬರ್ತೀನಿ ಎಂದು ಅವನನ್ನು ಕಳಿಸಿದರು. ಯಾವ ಕಾರ್ಡು ಎಂದು ಅವನಿಗೆ ತಿಳಿಯಲಿಲ್ಲ. ಎದುರು ಬಾಗಿಲಲ್ಲಿದ್ದ ನನಗೆ ತಿಳಿಯಿತು, ಚಾಚಾ ಆಡಿದ್ದು ಕಣ್ಣಿನ ಮಾತು.

ಅಂದಿನಿಂದ ದಿನಾ ಸಂಜೆ ಆಟ ಶುರುವಾದರೆ ಓಣಿಗೆಲ್ಲ ಕೇಳುವ ಹಾಗೆ ಕಾರ್ಡಿಗೆ ಬೈಗುಳ. ಹರಾಮಿ ಕಾರ್ಡು, ಸ್ಟುಡಿಯೊದವನು ಟೋಪಿ ಹಾಕಿದ, ಇದಕ್ಕಿಂತ ಬಚ್ಚಲು ಕನ್ನಡಿ ವಾಸಿ... ಹಾದುಹೋಗುವವರು ನಗುತ್ತಿದ್ದರು. ಕಾರ್ಡು ಅಷ್ಟು ಕೆಟ್ಟಿದೆಯೇನವ್ವ ಎಂದು ಚಾಚಿ ಒಮ್ಮೆ ನನ್ನನ್ನು ಕೇಳಿದರು. ಹೌದು ಚಾಚಿ, ಬಹಳ ಹಳೇದು ಎಂದೆ. ಆಧಾರವಿಲ್ಲದ ಮಾತನ್ನು ವೇದಿಕೆಯ ಮೇಲೆ ಒಂದು ಕ್ಷಣವೂ ನಿಲ್ಲಗೊಡದವಳು ನಾನು. ಆ ಮಾತಿಗೆ ಇವತ್ತೂ ಸಮರ್ಥನೆ ಹುಡುಕುತ್ತಿಲ್ಲ.

ಶುಗರ್ ಕಿಡ್ನಿಗೂ ಇಳಿಯಿತು. ಚಾಚಾ ತೀರಿಕೊಂಡರು. ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಚಾಚಿ ಹಾಗೇ ಇಟ್ಟಿದ್ದರು.

ಹೋದ ವಾರ ಧೂಳು ತೆಗೆದು, ಫ್ಯಾನು ಒರೆಸಿ, ಆಟವನ್ನು ಬಹಳ ಹೊತ್ತು ಓಡಿಸಿ ನೋಡಿದೆ. ಎಲ್ಲವೂ ಸರಿಯಿತ್ತು. ಕೊಳ್ಳುವವರು ರಾರಾವಿಯಿಂದ ಸಂಜೆ ಬರುವವರಿದ್ದರು. ಚಾಚಿ ಬಾಗಿಲ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದರು.

"ಕಾರ್ಡು ಕೆಟ್ಟೈತಿ ಅಂತ ಅವ್ರಿಗೆ ಮೊದ್ಲ ಹೇಳಿಬಿಡ್ಲೇನವ್ವ? ಮುಚ್ಚಿಟ್ಟು ಮಾರಬಾರ್ದು."

"ಕಾರ್ಡು ಚಲೋ ಐತಿ ಚಾಚಿ," ಎಂದೆ. "ಮೊದ್ಲಿಂದನೂ ಚಲೋ ಐತಿ."

ಅವರ ಕೈ ಮೊರದ ಮೇಲೆ ನಿಂತಿತು. ಹಾಗಾದರೆ ಅವತ್ತು ಯಾಕೆ ಹಾಗೆ ಹೇಳಿದೆ ಎಂದು ಕೇಳುತ್ತಾರೆ ಎಂದುಕೊಂಡು ಉತ್ತರ ಜೋಡಿಸಿಕೊಳ್ಳುತ್ತಿದ್ದೆ. ಕೇಳಲಿಲ್ಲ.

"ಅವರಿದ್ದಾಗ ನೀ ಇದನ್ನ ಹೇಳಲಿಲ್ಲ," ಎಂದರು. "ಚಲೋ ಮಾಡಿದಿ."

ಮತ್ತೆ ಅಕ್ಕಿ ಆರಿಸತೊಡಗಿದರು. ಬೈಯುವವರಿಲ್ಲದ ಆ ಕೋಣೆಯಲ್ಲಿ ಫ್ಯಾನು ಒಂದೇ ಸಮ ತಿರುಗುತ್ತಿತ್ತು. ಸ್ವಿಚ್ಚು ಆರಿಸಿ, ತಗಡು ಮುಚ್ಚಿದೆ.