ಹೆಪ್ಪು ಕೇಳುವ ಹೊತ್ತು

ಅಡುಗೆಮನೆಯ ವಿಷಯದಲ್ಲಿ ನಾನು ದೊಡ್ಡ ಪಂಡಿತಳೆಂಬ ಸುಳ್ಳು ಸುದ್ದಿಯೊಂದು ನಮ್ಮ ಓಣಿಯಲ್ಲಿ ಹಬ್ಬಿದೆ. ಬೇಳೆಗೆ ಹುಳ ಬಿದ್ದರೆ, ಉಪ್ಪಿನಕಾಯಿಗೆ ಬೂಷ್ಟು ಹಿಡಿದರೆ ಹೊಸ ಸೊಸೆಯಂದಿರು ನನ್ನ ಬಾಗಿಲಿಗೆ ಬರುತ್ತಾರೆ. ನಾನೂ ಮುಖ ಗಂಭೀರ ಮಾಡಿಕೊಂಡು, ಸ್ವಲ್ಪ ಹೊತ್ತು ಯೋಚಿಸಿದಂತೆ ನಟಿಸಿ ಉಪಾಯ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಅದರಲ್ಲಿ ಯೋಚಿಸುವುದೇನೂ ಇಲ್ಲ. ಎಲ್ಲವೂ ನಮ್ಮ ಅತ್ತೆ ಗೌರಮ್ಮನವರು ಹೇಳಿಕೊಟ್ಟದ್ದು. ದುಡಿಮೆ ಅವರದು, ಹೆಸರು ನನ್ನದು. ಸೊಸೆಯಾಗಿ ಬಂದದ್ದಕ್ಕೆ ಇಷ್ಟಾದರೂ ಲಾಭ ಬೇಡವೇ?

ನಾನು ಯಾದಗಿರಿಯ ಹುಡುಗಿ. ದಿನಾ ರೈಲು ನೋಡಿ ಬೆಳೆದವಳು ಎಂಬ ಜಂಬ ಬೇರೆ. ಸುರಪುರದ ಹತ್ತಿರದ ದೇವಾಪುರಕ್ಕೆ ಮದುವೆಯಾಗಿ ಬಂದಾಗ, ರೈಲು ಕಾಣದ ಈ ಊರಲ್ಲಿ ನನಗೆ ಕಲಿಸುವಂಥದ್ದು ಏನಿದ್ದೀತು ಅಂದುಕೊಂಡಿದ್ದೆ. ಮೊದಲ ವಾರದಲ್ಲೇ ಜಂಬ ಇಳಿಯಿತು. ಅತ್ತೆ ತೊಗರಿಬೇಳೆಗೆ ಹರಳೆಣ್ಣೆ ಸವರಿ ಬಿಸಿಲಿಗೆ ಹರವುತ್ತಿದ್ದರು. ಜೋಳ ತುಂಬಿಡುವ ಗುಮ್ಮಿಯಲ್ಲಿ ಪದರಪದರವಾಗಿ ಬೇವಿನ ಎಲೆ ಹಾಕುತ್ತಿದ್ದರು. ಬೀಜದ ಕಾಳಿಗೆ ಬೂದಿ ಕಲಸಿ ಮಡಕೆ ತುಂಬಿ, ಬಾಯಿಗೆ ಸೆಗಣಿ ಮೆತ್ತುತ್ತಿದ್ದರು. ಬೆಣ್ಣೆ ಕಾಸುವಾಗ ಒಂದು ವೀಳ್ಯದೆಲೆ ಹಾಕಿದರೆ ತುಪ್ಪ ಕಮಟುವುದಿಲ್ಲ ಎಂದು ಕಲಿತದ್ದು ಅಲ್ಲಿಯೇ. ಪುಂಡಿಪಲ್ಯ ಅಗ್ಗವಾಗಿ ಸಿಕ್ಕ ದಿನಗಳಲ್ಲಿ ಅದನ್ನು ನೆರಳಲ್ಲಿ ಒಣಗಿಸಿ ಇಡುವುದು, ಸಜ್ಜೆ ರೊಟ್ಟಿಯನ್ನು ಕಡಕ್ ಆಗಿ ಬೇಯಿಸಿ ಬಿದಿರು ಬುಟ್ಟಿಯಲ್ಲಿ ನಿಲ್ಲಿಸಿ ಜೋಡಿಸುವುದು, ಉಳಿದ ರೊಟ್ಟಿಯನ್ನು ಕುಟ್ಟಿ ಬೆಲ್ಲ ಕಲಸಿ ಉಂಡೆ ಕಟ್ಟುವುದು, ಇಂಥವು ಒಂದೇ ಎರಡೇ. ಆ ಮನೆಯಲ್ಲಿ ಕೆಡುವುದಕ್ಕೆ ಯಾವ ಪದಾರ್ಥಕ್ಕೂ ಧೈರ್ಯ ಇರಲಿಲ್ಲ.

ಕೂತು ಯೋಚಿಸಿದರೆ ಅಡುಗೆಮನೆಯ ಉಪಾಯಗಳೆಲ್ಲ ಒಂದೇ ಜಾತಿಯವು ಅನ್ನಿಸುತ್ತದೆ. ಉಪ್ಪು, ಎಣ್ಣೆ, ಬೂದಿ, ಬಿಸಿಲು, ಇವುಗಳಲ್ಲಿ ಯಾವುದಾದರೂ ಒಂದನ್ನು ಹಿಡಿದು ಗಾಳಿ ಆಡದಂತೆ ಮುಚ್ಚಿಡಬೇಕು. ಹೊರಗಿನದು ಒಳಗೆ ಬರಬಾರದು. ಈ ಶಾಸ್ತ್ರಕ್ಕೆ ಬಗ್ಗದ ಪದಾರ್ಥ ಒಂದೇ, ಹೆಪ್ಪು. ಮೊಸರಿನ ಹೆಪ್ಪನ್ನು ಎಷ್ಟೇ ಭದ್ರವಾಗಿ ಮುಚ್ಚಿಡಿ, ನಾಲ್ಕು ದಿನಕ್ಕೆ ಹುಳಿಯಾಗಿ ಸತ್ತುಹೋಗುತ್ತದೆ. ದಿನವೂ ಹೊಸ ಹಾಲಿಗೆ ಬೆರೆಸುತ್ತಿದ್ದರೆ ಮಾತ್ರ ಉಳಿಯುತ್ತದೆ. ಇದನ್ನು ನಾನು ದೊಡ್ಡ ತತ್ವಜ್ಞಾನದಂತೆ ಒಮ್ಮೆ ನಮ್ಮ ಯಜಮಾನರ ಮುಂದೆ ಹೇಳಿದೆ. ಅವರು ಮಜ್ಜಿಗೆ ಕೇಳಿದರು.

ಅತ್ತೆಗೆ ಹೆಪ್ಪೆಂದರೆ ಜೀವ. ಅವರು ಸೊಸೆಯಾಗಿ ಬಂದ ದಿನ ಅವರ ಅತ್ತೆ ಮೊದಲು ಕೈಗೆ ಕೊಟ್ಟದ್ದು ಕೀಲಿಕೈ ಅಲ್ಲ, ಹೆಪ್ಪಿನ ಬಟ್ಟಲು. ಆ ಮನೆಯಲ್ಲಿ ಹೆಪ್ಪು ತಪ್ಪಿದ್ದನ್ನು ಕಂಡವರಿರಲಿಲ್ಲ. ದಿನವೂ ಸಂಜೆ ಹಿಂದಿನ ಸಾಲಿನ ಮನೆಯ ನಾಗವ್ವ ಹೆಪ್ಪು ಕೇಳಲು ಬರುತ್ತಿದ್ದಳು. ಅವಳ ಗಂಡ ಹೊಳೆಯಲ್ಲಿ ಮೀನು ಹಿಡಿದು ಸಂತೆಗೆ ಒಯ್ಯುವವನು. ಒಂದು ಎಮ್ಮೆ ಇತ್ತು, ಮಕ್ಕಳು ಬಹಳ. ಮಾಡಿದ ಮೊಸರೆಲ್ಲ ಅಂದೇ ಮುಗಿದು ಗಡಿಗೆ ನೆಕ್ಕುವ ಮನೆಯಲ್ಲಿ ನಾಳೆಗೆಂದು ಹೆಪ್ಪು ಉಳಿಯುವುದು ಹೇಗೆ? ದೀಪ ಹಚ್ಚುವ ಮೊದಲು ಬಂದರೆ ಅತ್ತೆ ಕೊಡುತ್ತಿದ್ದರು. ದೀಪ ಹಚ್ಚಿದ ಮೇಲೆ ಉಪ್ಪು, ಹೆಪ್ಪು ಯಾರಿಗೂ ಕೊಡುವಂತಿಲ್ಲ, ಅದು ಊರ ಪದ್ಧತಿ. ಕೊಡುವಾಗಲೂ ಮೇಲಿಂದ ಸುರಿಯುತ್ತಿದ್ದರು, ಬಟ್ಟಲಿಗೆ ಬಟ್ಟಲು ತಾಕಬಾರದು. ಮೀನು ಬೇಯುವ ಮನೆ ಎಂದು ಆ ಮನೆಯಿಂದ ನಮ್ಮಲ್ಲಿಗೆ ಒಂದು ತಂಬಿಗೆ ನೀರೂ ಬಂದದ್ದಿಲ್ಲ. ಅತ್ತೆ ಕೆಟ್ಟವರೇನಲ್ಲ. ಕೊಡುವ ಕೈ ಮೇಲೆ, ಇಸಕೊಳ್ಳುವ ಕೈ ಕೆಳಗೆ ಎಂಬುದನ್ನು ಅವರಾಗಲಿ ನಾಗವ್ವನಾಗಲಿ ಪ್ರಶ್ನೆ ಮಾಡಿದವರಲ್ಲ. ನಾನೂ ಮಾಡಲಿಲ್ಲ.

ಹೀಗಿರುವಾಗ ನಿಜಾಮರ ಆಳ್ವಿಕೆಯ ಕೊನೆಯ ಗದ್ದಲದ ದಿನಗಳು ಬಂದವು. ಸುತ್ತಲಿನ ಊರುಗಳಿಂದ ಜನ ಸರಹದ್ದು ದಾಟಿ ಮುಂಬಯಿ ಪ್ರಾಂತದ ಊರುಗಳಿಗೆ ಹೋಗತೊಡಗಿದರು. ತಾಳಿಕೋಟೆಯಲ್ಲಿ ಅತ್ತೆಯ ಚಿಕ್ಕಪ್ಪನ ಮಗಳು ಶಾಂತವ್ವ ಇದ್ದಳು. ಯಜಮಾನರು ಗಾಡಿ ಕಟ್ಟಿದರು. ನಮ್ಮ ಎಮ್ಮೆಯನ್ನು ನಾಗವ್ವನ ಮನೆಗೆ ಹೊಡೆದುಬಂದರು. ಹೊಳೆಯ ಜನ, ನಾವೆಲ್ಲಿಗೆ ಹೋಗೋಣ ಎಂದು ನಾಗವ್ವನ ಮನೆಯವರು ಊರಲ್ಲೇ ಉಳಿದಿದ್ದರು.

ಹೊರಡುವ ಗಡಿಬಿಡಿಯಲ್ಲಿ ನಾನು ಸೀರೆ, ಪಾತ್ರೆ ಎಂದು ಒದ್ದಾಡುತ್ತಿದ್ದರೆ ಅತ್ತೆಗೆ ಹೆಪ್ಪಿನದೇ ಚಿಂತೆ. ಗಾಡಿಯ ಕುಲುಕಾಟದಲ್ಲಿ ಮೊಸರು ಒಯ್ಯುವುದು ಸಾಧ್ಯವಿಲ್ಲ. ಅವರು ಒಂದು ಹಳೆಯ ಧೋತರದ ತುಂಡನ್ನು ಗಟ್ಟಿ ಮೊಸರಿನಲ್ಲಿ ಅದ್ದಿ ನೆರಳಿಗೆ ಒಣಗಿಸಿದರು, ಮತ್ತೆ ಅದ್ದಿದರು, ಮತ್ತೆ ಒಣಗಿಸಿದರು. ಬಟ್ಟೆ ಹಪ್ಪಳದ ಹಾಗೆ ಸೆಟೆದು ನಿಂತಿತು. ಹೋದ ಊರಲ್ಲಿ ಅದರ ಒಂದು ಚೂರನ್ನು ಬೆಚ್ಚಗಿನ ಹಾಲಿಗೆ ಹಾಕಿದರೆ ಸಾಕು, ಮೊಸರು ಕೂಡುತ್ತದೆ. ಈ ಉಪಾಯ ಇಂದಿಗೂ ಕೆಲಸಕ್ಕೆ ಬರುತ್ತದೆ, ಬೇಕಾದವರು ಮಾಡಿ ನೋಡಬಹುದು. ಹೆಪ್ಪಿಲ್ಲದ ಮನೆಯಲ್ಲಿ ಏನು ಕಳೆದುಹೋಗಿರುತ್ತದೆ ಎಂಬುದು ನನಗಾಗ ತಿಳಿಯುತ್ತಿರಲಿಲ್ಲ. ಅತ್ತೆಯ ಮುಖ ನೋಡಿ, ಇದು ಹೋದರೆ ಇವರು ಹಿರಿಯರಿಗೆ ಉತ್ತರ ಹೇಳಲಾರರು ಎಂಬುದು ಮಾತ್ರ ತಿಳಿಯಿತು.

ಸರಹದ್ದಿನ ಕರೋಡಗಿರಿ ನಾಕಾದಲ್ಲಿ ಸುಂಕದ ಜವಾನ ನಮ್ಮ ಗಂಟು ಬಿಚ್ಚಿಸಿದ. ಧಾನ್ಯ ಆಚೆಗೆ ಒಯ್ಯುತ್ತಿದ್ದೇವೆಯೋ ಎಂದು ಅವನಿಗೆ ಗುಮಾನಿ. ಅವನ ಕೈಗೆ ಸಿಕ್ಕಿದ್ದು ಆ ಬಟ್ಟೆ. ಇದೇನೆಂದು ಕೇಳಿದ್ದಕ್ಕೆ ಅತ್ತೆ ಮೊಸರು ಎಂದರು. ಜವಾನ ಬಟ್ಟೆಯನ್ನೂ ಅತ್ತೆಯನ್ನೂ ಒಮ್ಮೆ ನೋಡಿ, ಮೂಸಿ, ಮೂಗು ಮುರಿದು ಗಂಟಿಗೆ ಎಸೆದ. ಬಿಸಿಲಿಗೆ ಮುದುಕಿಯ ತಲೆ ಕೆಟ್ಟಿದೆ ಎಂದು ಅವನಿಗೆ ಅನ್ನಿಸಿರಬೇಕು, ಸುಂಕವಿಲ್ಲದೆ ಬಿಟ್ಟುಬಿಟ್ಟ.

ಶಾಂತವ್ವ ನಮ್ಮನ್ನು ಬಹಳ ಪ್ರೀತಿಯಿಂದ ಬರಮಾಡಿಕೊಂಡಳು. ಆ ಪ್ರೀತಿಯೇ ಮುಳುವಾಯಿತು. ಮನೆಬಿಟ್ಟು ಬಂದವರ ಮೈಲಿಗೆ ಅರಿವೆಯನ್ನು ಅವರ ಕೈಯಲ್ಲೇ ಒಗೆಸಬಾರದು ಎಂಬುದು ಅವಳ ಮನೆತನದ ಮರ್ಯಾದೆ. ನಾವು ದಣಿದು ಮಲಗಿದ್ದಾಗ ನಮ್ಮ ಬಟ್ಟೆಗಳನ್ನೆಲ್ಲ ಒಯ್ದು ಚೌಳುಮಣ್ಣು ಹಾಕಿ ಕುದಿಸಿ, ಬಾವಿಕಟ್ಟೆಯಲ್ಲಿ ಕುಕ್ಕಿ ಒಗೆದು ಹರವಿದ್ದಳು. ನಾವು ಎದ್ದು ಬಂದಾಗ ಅತ್ತೆಯ ಧೋತರದ ತುಂಡು ಹಗ್ಗದ ಮೇಲೆ ಮಲ್ಲಿಗೆಯಷ್ಟು ಬೆಳ್ಳಗೆ ಹಾರಾಡುತ್ತಿತ್ತು. ಇದೊಂದು ಬಾಳ ನಾರುತ್ತಿತ್ತು, ಎರಡು ಸಲ ಕುದಿಸಿದೆ ಎಂದು ಶಾಂತವ್ವ ಸಂಕೋಚದಿಂದ ಹೇಳಿದಳು.

ಅತ್ತೆ ಆ ಬಟ್ಟೆಯನ್ನು ಮುಟ್ಟಿ ನೋಡಿದರು. ಛಲೋ ಆತು ಬಿಡವ್ವ, ಎಂದರು. ಆಮೇಲೆ ದನದ ಕೊಟ್ಟಿಗೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಅವರು ಅತ್ತದ್ದನ್ನು ನಾನು ನೋಡಲಿಲ್ಲ, ಆದರೆ ಅತ್ತಿದ್ದರೆಂದು ಬಲ್ಲೆ. ಊರು ಬಿಡುವಾಗ ಬಾರದ ಕಣ್ಣೀರು ಆಗ ಬಂದಿತ್ತು. ನನಗೂ ಸಂಕಟವಾಯಿತು.

ನನ್ನ ಬುದ್ಧಿವಂತಿಕೆಯನ್ನು ತೋರಿಸಲು ಅದೇ ಸಮಯವೆಂದುಕೊಂಡೆ. ಬೆಚ್ಚಗಿನ ಹಾಲಿಗೆ ಕೆಂಪು ಮೆಣಸಿನಕಾಯಿಯ ತೊಟ್ಟು ಹಾಕಿಟ್ಟರೆ ಹೆಪ್ಪಿಲ್ಲದೆಯೂ ಮೊಸರಾಗುತ್ತದೆಂದು ಕೇಳಿದ್ದೆ. ಹಾಕಿದೆ. ಮೊದಲ ದಿನ ಹಾಲು ಹಾಲಾಗಿಯೇ ಉಳಿದು ಖಾರವಾಯಿತು. ಮರುದಿನ ಹುಣಸೆಹಣ್ಣು ಹಾಕಿದೆ, ಒಡೆದು ನೀರಾಯಿತು. ಕೊನೆಗೆ ತೊಟ್ಟಿನಿಂದಲೇ ಮೊಸರಿನಂಥದೊಂದು ಕೂತಿತು. ಗೆದ್ದವಳಂತೆ ಅತ್ತೆಗೆ ಬಡಿಸಿದೆ. ಅವರು ಉಂಡು, ಇದು ಮೊಸರು ಹೌದು, ನಮ್ಮನಿದಲ್ಲ ಎಂದರು. ಶಾಂತವ್ವನ ಮನೆಯ ಮಜ್ಜಿಗೆ ಕುಡಿದರು, ಅವಳ ಹೆಪ್ಪು ಮಾತ್ರ ಬೇಡವೆಂದರು. ಅಲ್ಲಿ ಇದ್ದಷ್ಟು ದಿನ ತಾವಾಗಿ ಒಮ್ಮೆಯೂ ಹಾಲಿಗೆ ಹೆಪ್ಪು ಹಾಕಲಿಲ್ಲ.

ಗದ್ದಲ ಅಡಗಿತು. ರಾಜ್ಯವೂ ಬದಲಾಯಿತು ಎಂದರು. ನಾವು ದೇವಾಪುರಕ್ಕೆ ಮರಳಿದಾಗ ಹೊತ್ತು ಇಳಿಯುತ್ತಿತ್ತು. ಮನೆಯ ಬಾಗಿಲು ಹಾಗೇ ಇತ್ತು, ಒಳಗೆ ಇಲಿಗಳ ದರಬಾರು. ಗುಮ್ಮಿ ಬರಿದು. ಬೂದಿ ಕಲಸಿಟ್ಟ ಬೀಜ ಮಾತ್ರ ಕೆಟ್ಟಿರಲಿಲ್ಲ. ಅತ್ತೆ ಯಾವುದನ್ನೂ ಸರಿಯಾಗಿ ನೋಡಲಿಲ್ಲ. ಒಲೆಯ ಮುಂದೆ ಕೂತು, ಖಾಲಿ ಮೊಸರಿನ ಗಡಿಗೆಯನ್ನು ಸುಮ್ಮನೆ ತಿಕ್ಕುತ್ತಿದ್ದರು.

ಆಗ ನಾಗವ್ವ ಬಂದಳು. ಒಂದು ಕೈಯಲ್ಲಿ ನಮ್ಮ ಎಮ್ಮೆಯ ಹಗ್ಗ, ಇನ್ನೊಂದು ಕೈಯಲ್ಲಿ ಎಲೆ ಮುಚ್ಚಿದ ಮಣ್ಣಿನ ಬಟ್ಟಲು. ಎಂದಿನಂತೆ ಹೊಸ್ತಿಲ ಹೊರಗೇ ನಿಂತಳು.

"ದೀಪ ಹಚ್ಚೂದ್ರಾಗ ಬರಬೇಕಂತ ಓಡಿ ಬಂದೀನ್ರಿ ಅಮ್ಮಾರ. ನಿಮ್ಮನಿ ಹೆಪ್ಪು ತಗೋರಿ."

ನಾವು ಹೋದ ಮೇಲೆ ಊರಲ್ಲಿ ಹೆಪ್ಪು ಕೇಳಲು ಮನೆಯಿರಲಿಲ್ಲವಂತೆ. ಹಾಗಾಗಿ, ಅತ್ತೆ ಕೊನೆಯ ಸಂಜೆ ಕೊಟ್ಟಿದ್ದರಲ್ಲಿ ಒಂದು ಚಮಚ ದಿನವೂ ಮಕ್ಕಳ ಕೈಗೆ ಸಿಗದಂತೆ ನೆಲುವಿನ ಮೇಲೆ ಎತ್ತಿಟ್ಟು, ಮರುದಿನದ ಹಾಲಿಗೆ ಹಾಕುತ್ತ ಬಂದಿದ್ದಳು. ಮಕ್ಕಳು ಅತ್ತರೂ ಆ ಚಮಚ ಕೊಡಲಿಲ್ಲವಂತೆ. ಇದನ್ನೆಲ್ಲ ಅವಳು ಎಮ್ಮೆಯನ್ನು ಕಟ್ಟುತ್ತ, ಏನೂ ಅಲ್ಲವೆಂಬಂತೆ ಹೇಳಿದಳು.

ಅದು ಮೀನು ಬೇಯುವ ಮನೆಯ ನೆಲುವಿನ ಮೇಲಿದ್ದ ಬಟ್ಟಲು. ಅತ್ತೆ ಬೇಡವೆಂದರೆ ಹೆಪ್ಪೂ ಹೋಯಿತು, ನಾಗವ್ವನೂ ಮತ್ತೆ ಈ ಬಾಗಿಲಿಗೆ ಬರಲಾರಳು. ಅತ್ತೆ ಎದ್ದರು. ಹೊಸ್ತಿಲಿನವರೆಗೆ ಬಂದು ನಿಂತರು. ನೆಲದ ಮೇಲೆ ಇಡು ಎನ್ನುತ್ತಾರೇನೋ ಎಂದುಕೊಂಡೆ. ಅವರು ಎರಡೂ ಕೈ ಚಾಚಿ ಬಟ್ಟಲನ್ನು ಇಸಕೊಂಡರು. ಎಲೆ ಸರಿಸಿ, ಬೆರಳು ಅದ್ದಿ ನಾಲಿಗೆಗೆ ಹಚ್ಚಿದರು. ಕಣ್ಣು ಒದ್ದೆಯಾದವು, ದನಿ ಮಾತ್ರ ಎಂದಿನಂತೆ ಗಡುಸು.

"ಹುಳಿ ಮಾಡೀದಿ ನಾಗವ್ವ."

"ನೀವು ತಡಾ ಮಾಡಿ ಬಂದ್ರಿ ಅಮ್ಮಾರ," ಎಂದಳು ನಾಗವ್ವ.

ಅತ್ತೆಗೆ ನಗು ಬಂತು. ಮನೆ ಬಿಟ್ಟ ಮೇಲೆ ಅವರು ನಕ್ಕದ್ದು ಅಂದೇ. ಎಮ್ಮೆ ಹಿಂಡಿ ಹಾಲು ಕಾಸಿ ಹೆಪ್ಪು ಹಾಕಿದರು. ಮರುದಿನ ಬೆಳಿಗ್ಗೆ ಗಡಿಗೆಯ ಬಾಯಿ ತೆರೆದಾಗ ಮೊಸರು ಗಟ್ಟಿಯಾಗಿ ಕೂತಿತ್ತು, ಮೇಲೆ ಹಳದಿ ಕೆನೆ. ಇನ್ನು ಎಲ್ಲ ಮೊದಲಿನಂತೆಯೇ ನಡೆಯುತ್ತದೆ ಎಂದುಕೊಂಡೆ.

ಅಂದು ಸಂಜೆ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದ ಅತ್ತೆ ನನ್ನ ಕೈಗೆ ಖಾಲಿ ಬಟ್ಟಲು ಕೊಟ್ಟು, ನಾಗವ್ವನ ಮನೆಗೆ ಹೋಗಿ ಹೆಪ್ಪು ಕೇಳಿಕೊಂಡು ಬಾ ಎಂದರು. ನನಗೆ ಅರ್ಥವಾಗಲಿಲ್ಲ. ಮನೆಯಲ್ಲಿ ಗಡಿಗೆ ತುಂಬ ಇದೆಯಲ್ಲ ಎಂದೆ.

ಅವರು ಬತ್ತಿಯಿಂದ ಕಣ್ಣೆತ್ತಲಿಲ್ಲ.

"ಇದ್ರ ಏನಾತು? ಇಷ್ಟ್ ವರ್ಷ ಆಕಿ ಒಬ್ಬಾಕಿನೇ ಕೇಳ್ಯಾಳ. ಹೊತ್ತು ಮುಳುಗೂದ್ರಾಗ ಹೋಗಿ ಬಾ."