ಕೇಕು ಕಾಯುವ ಪ್ರಾಧ್ಯಾಪಕಿ

ಕ್ರಿಸ್‌ಮಸ್ ವಾರ ವಿಜಯವಾಡದ ಪಟಮಟ ಬಡಾವಣೆಯ ಬೇಕರಿಗೆ ಎಲ್ಲರೂ ಮನೆಯಲ್ಲಿ ಕಲಸಿದ ಕೇಕಿನ ಹಿಟ್ಟು ತಂದು, ಬೇಯಿಸಲು ಕೊಟ್ಟು ಹೋಗುತ್ತಾರೆ. ನಿವೃತ್ತ ರಸಾಯನಶಾಸ್ತ್ರ ಪ್ರಾಧ್ಯಾಪಕಿ ಸುಗುಣಾ ಜತ್ತನ್ನ ಮಾತ್ರ ಹೋಗುವುದಿಲ್ಲ. ಟ್ರೇಗೆ ಹೆಸರಿನ ಚೀಟಿ ಅಂಟಿಸಿ, ಗಡಿಯಾರ ನೋಡುತ್ತ, ಓವನ್ ಮುಂದೆ ಪರೀಕ್ಷಾ ಮೇಲ್ವಿಚಾರಕಿಯಂತೆ ಕೂರುತ್ತಾರೆ. ಇಷ್ಟು ಕಾವಲಿದ್ದೂ ಕೇಕು ಪ್ರತಿವರ್ಷ ಇಟ್ಟಿಗೆಯಾಗಿಯೇ ಹೊರಬರುತ್ತದೆ. ತಪ್ಪು ಮೊಟ್ಟೆಯದು, ಇಲ್ಲವೇ ಊರಿನ ಹವೆಯದು ಎಂಬುದು ಅವರು ಎಲ್ಲರಿಗೂ ಹೇಳುವ ಸಂಶೋಧನೆ. “ಮೇಡಂ ಗಾರು, ಮೈದಾ ಒಂದು ಲೋಟ ಕಡಿಮೆ ಹಾಕಂಡಿ, ಹಲ್ಲಿಲ್ಲದೋರೂ ತಿಂತಾರೆ,” ಎಂದು ಬೇಕರಿಯ ಜಗನ್ಮೋಹನ್ ತನ್ನ ತೆಲುಗು ಬೆರೆತ ಕನ್ನಡದಲ್ಲಿ ಈ ಸಲವೂ ಹೇಳಿದ. ವಿದ್ಯಾರ್ಥಿಗಳ ಅಳತೆ ಒಂದು ಗ್ರಾಂ ತಪ್ಪಿದರೂ ಅಂಕ ಕತ್ತರಿಸುತ್ತಿದ್ದ ಸುಗುಣಾ ಅವರಿಗೆ ಮೈದಾ ಹೆಚ್ಚೆಂಬುದು ಮೂವತ್ತು ವರ್ಷಗಳಿಂದ ಗೊತ್ತು. “ಗೊತ್ತಪ್ಪ. ಅಳತೆ ಬರೆದಿಟ್ಟಿರೋದು ನಮ್ಮಮ್ಮ. ಅದನ್ನ ನಾನು ತಿದ್ದೋದಿಲ್ಲ,” ಎಂದು ಇಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡರು.